ಟೂರ್ಮಲಿನ್ ಕಲ್ಲಿನ ಒಳಗೆ ಏನಿದೆ? ಮನೆಯಲ್ಲೇ ಕೂತು ಅರ್ಥ ಮಾಡಿಕೊಳ್ಳುವ ದಾರಿ

ಕಾಫಿ ಕೊಯ್ಲಿಗೆ ಜಾರ್ಖಂಡ್‌ನಿಂದ ನಮ್ಮ ತೋಟಕ್ಕೆ ಬರುವ ಒಬ್ಬರು ಹೋದ ಸಲ ಊರಿಂದ ವಾಪಸ್ ಬರುವಾಗ ನನಗೊಂದು ಕಪ್ಪು ಕಲ್ಲು ತಂದುಕೊಟ್ಟರು, ಟೂರ್ಮಲಿನ್ ಅನ್ನುವ ಖನಿಜ. ಅವರದು ಕೊಡರ್ಮಾ ಕಡೆ, ಅಭ್ರಕದ ಗಣಿಗಳಿಗೆ ಹೆಸರಾದ ಜಾಗ. ಕಲ್ಲು ಹೆಬ್ಬೆರಳಿನಷ್ಟು ಉದ್ದ ಇತ್ತು. ಮೈತುಂಬ ಉದ್ದುದ್ದ ಗೀರು, ಒಂದು ತುದಿ ಮುರಿದಿತ್ತು. ರಜೆಗೆ ಬಂದಿದ್ದ ಅಕ್ಕನ ಮಗಳು, ಪಿಯುಸಿ ಓದುವವಳು, ಅದರ ರಾಸಾಯನಿಕ ಸೂತ್ರವನ್ನು ಫೋನಿನಲ್ಲಿ ಹುಡುಕಿ ತೆಗೆದು ನನ್ನ ಮುಂದೆ ಹಿಡಿದಳು. "ಮಾವ, ಇದು ಸೂತ್ರನಾ, ಇಲ್ಲ ತಿಂಗಳ ದಿನಸಿ ಚೀಟಿನಾ?"

ಅವಳ ತಪ್ಪಲ್ಲ ಬಿಡಿ. ಸೋಡಿಯಂ, ಕಬ್ಬಿಣ, ಅಲ್ಯೂಮಿನಿಯಂ, ಸಿಲಿಕಾನ್, ಬೋರಾನ್, ಆಮ್ಲಜನಕ, ಜಲಜನಕ, ಕೆಲವು ಕಲ್ಲಲ್ಲಿ ಲಿಥಿಯಂ, ಫ್ಲೋರಿನ್, ಮ್ಯಾಂಗನೀಸ್ ಕೂಡ ಇರುತ್ತವೆ. ಕಾಲೇಜಿನಲ್ಲಿ ಭೂವಿಜ್ಞಾನ ಓದುವಾಗ ನಾನೂ ಇದನ್ನು ಬಾಯಿಪಾಠ ಮಾಡಿ, ಪರೀಕ್ಷೆ ಮುಗಿದ ಸಂಜೆಗೇ ಮರೆತಿದ್ದೆ. ಅರ್ಥವಾಗಿದ್ದು ಎಷ್ಟೋ ವರ್ಷದ ಮೇಲೆ. ಟೂರ್ಮಲಿನ್ ಒಂದು ಕಟ್ಟಡ. ಗೋಡೆ ಬದಲಾಗುವುದಿಲ್ಲ, ಕೋಣೆಯಲ್ಲಿರುವವರು ಬದಲಾಗುತ್ತಾರೆ. ಇಷ್ಟು ಹಿಡಿದುಕೊಂಡರೆ ಸೂತ್ರವನ್ನು ನೀವೇ ಬರೆಯಬಹುದು. ಕಲ್ಲಿನ ಆಕಾರ ಯಾಕೆ ಹಾಗಿದೆ, ಬಿಸಿ ಮಾಡಿದರೆ ಯಾಕೆ ಬೂದಿ ಎಳೆಯುತ್ತದೆ ಅನ್ನುವುದೂ ತಿಳಿಯುತ್ತದೆ. ಅವಳಿಗೆ ಯಾವ ಕ್ರಮದಲ್ಲಿ ಹೇಳಿದೆನೋ ಅದೇ ಕ್ರಮದಲ್ಲಿ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಏಲಕ್ಕಿ ಹಿಡಿದುಕೊಳ್ಳಿ

ನಿಜವಾಗಿಯೂ. ಅಡುಗೆಮನೆಯಿಂದ ಒಂದು ಒಳ್ಳೆ ಏಲಕ್ಕಿ ಕಾಯಿ ತಂದು ಅಡ್ಡಕ್ಕೆ ಕತ್ತರಿಸಿ. ಮೂರು ಮೂಲೆ ಇದೆ, ಆದರೆ ಬದಿಗಳು ಸ್ವಲ್ಪ ಉಬ್ಬಿವೆ. ಸಿಪ್ಪೆಯ ಮೇಲೆ ತುದಿಯಿಂದ ತುದಿಗೆ ಗೀರುಗಳಿವೆ. ಟೂರ್ಮಲಿನ್ ಹರಳು ಹೆಚ್ಚುಕಡಿಮೆ ಹೀಗೇ ಇರುತ್ತದೆ. ಉದ್ದನೆ ಕಂಬ, ಮೈಮೇಲೆ ಉದ್ದ ಗೀರು, ಅಡ್ಡಕ್ಕೆ ನೋಡಿದರೆ ಉಬ್ಬಿದ ತ್ರಿಕೋನ. ಎರಡು ತುದಿಯೂ ಉಳಿದಿರುವ ಹರಳು ಸಿಕ್ಕರೆ ಇನ್ನೊಂದು ವಿಷಯ ಕಾಣುತ್ತದೆ: ತೊಟ್ಟಿನ ತುದಿಯೂ ಮೂತಿಯ ತುದಿಯೂ ಏಲಕ್ಕಿಯಲ್ಲಿ ಬೇರೆ ಬೇರೆ ಅಲ್ವಾ, ಹರಳಿನಲ್ಲೂ ಹಾಗೇ. ಇದನ್ನು ನೆನಪಿಡಿ, ಮುಂದೆ ಬೇಕು.

ನಿಮ್ಮ ಕೈಯಲ್ಲಿರುವ ಕಪ್ಪು ಕಲ್ಲು ಟೂರ್ಮಲಿನ್ ಹೌದೋ ಅಲ್ಲವೋ ನೋಡಲು ಮುರಿದ ಜಾಗ ನೋಡಿ. ಟೂರ್ಮಲಿನ್ ಕಲ್ಲಿದ್ದಲಿನ ಹಾಗೆ, ಗಾಜಿನ ಹಾಗೆ ಅಡ್ಡಾದಿಡ್ಡಿ ಒಡೆಯುತ್ತದೆ. ಒಂದೇ ದಿಕ್ಕಿಗೆ ನುಣುಪಾಗಿ ಸೀಳುವುದಿಲ್ಲ. ನಮ್ಮ ಕೊಡಗಿನ ಬಂಡೆಗಳಲ್ಲಿ ಕಾಣುವ ಹಾರ್ನ್‌ಬ್ಲೆಂಡ್ ಅನ್ನುವ ಕಪ್ಪು ಖನಿಜ ಎರಡು ದಿಕ್ಕಿಗೆ ಸೀಳುತ್ತದೆ, ಬಿಸಿಲಿಗೆ ತಿರುಗಿಸಿದರೆ ಆ ಸೀಳುಗಳು ಕನ್ನಡಿ ಚೂರಿನ ಹಾಗೆ ಮಿಂಚುತ್ತವೆ, ಅಡ್ಡಕ್ಕೆ ನೋಡಿದರೆ ಆಕಾರ ಕೊಬ್ಬರಿ ಮಿಠಾಯಿಯ ವಜ್ರದ ತುಂಡಿನಂತಿರುತ್ತದೆ. ಕಪ್ಪು ಅಭ್ರಕವಾದರೆ ಉಗುರಿಗೇ ಪದರ ಎದ್ದು ಬರುತ್ತದೆ. ಇನ್ನು ಗಡಸುತನ. ಖನಿಜಗಳ ಗಡಸುತನ ಅಳೆಯುವ 1ರಿಂದ 10ರ ಮೋಸ್ ಮಾಪನದಲ್ಲಿ ಟೂರ್ಮಲಿನ್ 7ರಿಂದ 7.5, ಗಾಜಿನ ಮೇಲೆ ಸಲೀಸಾಗಿ ಗೀರು ಹಾಕುತ್ತದೆ.

ತೂಕವನ್ನೂ ನೋಡಿಬಿಡಿ. ಅಡುಗೆಮನೆಯ ಡಿಜಿಟಲ್ ತಕ್ಕಡಿ ಸಾಕು. ನನ್ನ ಕಲ್ಲು 47 ಗ್ರಾಂ. ತಕ್ಕಡಿ ಮೇಲೆ ಅರ್ಧ ಲೋಟ ನೀರಿಟ್ಟು ಸೊನ್ನೆ ಮಾಡಿ, ಕಲ್ಲಿಗೆ ದಾರ ಕಟ್ಟಿ, ತಳಕ್ಕೂ ಅಂಚಿಗೂ ತಾಗದಂತೆ ನೀರಲ್ಲಿ ಪೂರ್ತಿ ಮುಳುಗಿಸಿ ಹಿಡಿದೆ. ತಕ್ಕಡಿ 15 ತೋರಿಸಿತು. 47ನ್ನು 15ರಿಂದ ಭಾಗಿಸಿದರೆ 3.1, ಅಂದರೆ ಅಷ್ಟೇ ಗಾತ್ರದ ನೀರಿನ 3.1 ಪಟ್ಟು ತೂಕ. ಟೂರ್ಮಲಿನ್‌ಗೆ 2.9ರಿಂದ 3.3ರ ತನಕ ಬರಬಹುದು. ಕಪ್ಪು ಗಾಜಿಗೆ ಸುಮಾರು 2.5 ಬರುತ್ತದೆ. ಕಪ್ಪು ಟೂರ್ಮಲಿನ್ ಅಂತ ಹೇಳಿ ಮಾರುವ ಮಣಿಸರಗಳನ್ನು ನಾನು ಹೀಗೇ ನೋಡುವುದು. ಒಮ್ಮೆ ಒಂದು ಜಾತ್ರೆಯಲ್ಲಿ ಕೊಂಡು ತಂದ ಸರ 2.5ರ ಹತ್ತಿರ ಬಂತು, ದುಡ್ಡು ಹೋಯ್ತು. ಹಾರ್ನ್‌ಬ್ಲೆಂಡ್ ಮಾತ್ರ ತೂಕದಲ್ಲಿ ಸಿಕ್ಕಿಬೀಳುವುದಿಲ್ಲ, ಅದೂ 3ರ ಮೇಲೆಯೇ. ಅದಕ್ಕೆ ಸೀಳು ನೋಡಬೇಕು ಅಂದಿದ್ದು.

ಇಲ್ಲೇ ಒಂದು ಮಾತು. ಇದನ್ನೆಲ್ಲ ಓದಿ ಗುದ್ದಲಿ ಹಿಡಿದು ಗುಡ್ಡ ಹತ್ತಬೇಡಿ. ತಲಕಾವೇರಿ, ಬ್ರಹ್ಮಗಿರಿ, ಪುಷ್ಪಗಿರಿ ಮೂರೂ ವನ್ಯಜೀವಿ ಧಾಮಗಳು. ಅಲ್ಲಿ ಕಲ್ಲು ಅಗೆದರೆ ಕೇಸು ಬೀಳುತ್ತದೆ. ಹರಳು ಕಲ್ಲಿನ ಆಸೆಗೆ ಕಾಡು ನುಗ್ಗಿ ಸಿಕ್ಕಿಬಿದ್ದವರ ಸುದ್ದಿ ನಮ್ಮ ಕಡೆ ಹೊಸತೇನಲ್ಲ. ಅಲ್ಲದೆ ನಮ್ಮ ನೆಲ 300 ಕೋಟಿ ವರ್ಷಕ್ಕೂ ಹಳೆಯದು, ಆಳದಲ್ಲಿ ಭಾರೀ ಶಾಖಕ್ಕೆ ಬೆಂದು ಬಂದ ಚಾರ್ನೊಕೈಟ್‌ನಂಥ ಬಂಡೆಗಳು ಇಲ್ಲಿ ಬೇಕಾದಷ್ಟಿವೆ. ಅಷ್ಟು ಬೆಂದ ಬಂಡೆಯಿಂದ ಬೋರಾನ್ ಸಾಮಾನ್ಯವಾಗಿ ಹೊರಟುಹೋಗಿರುತ್ತದೆ. ಬೋರಾನ್ ಇಲ್ಲದೆ ಟೂರ್ಮಲಿನ್ ಇಲ್ಲ. ಅದು ಹೆಚ್ಚಾಗಿ ಸಿಗುವುದು ಗ್ರಾನೈಟ್ ಕರಗುರಸದ ಕೊನೇ ಪಾಲು ತಣ್ಣಗಾಗಿ ದೊಡ್ಡ ಹರಳುಗಳಾದ ಪೆಗ್ಮಟೈಟ್‌ನಲ್ಲಿ. ಕೊಡರ್ಮಾದ ಅಭ್ರಕವೂ ಅಂಥದ್ದರಲ್ಲೇ ಇರುವುದು.

ಹಳೇ ಕ್ಯಾಲೆಂಡರಿನಲ್ಲಿ ಉಂಗುರ ಮಾಡಿ

ಈಗ ಒಳಗೆ ಹೋಗೋಣ. ಹಳೇ ಕ್ಯಾಲೆಂಡರಿನ ದಪ್ಪ ಹಾಳೆಯಲ್ಲಿ 10 ಸೆಂಟಿಮೀಟರ್ ಬದಿಯ ಸಮತ್ರಿಕೋನ ಕತ್ತರಿಸಿ. ಮೂರು ಬದಿಗಳ ನಡುಬಿಂದು ಗುರುತಿಸಿ, ಅವನ್ನು ಸೇರಿಸುವ ಗೆರೆಗಳ ಮೇಲೆ ಮಡಚಿ. ಮೂರು ಮೂಲೆ ಮೇಲೆ ಬಂದು ಒಂದೇ ತುದಿಯಲ್ಲಿ ಕೂಡುತ್ತವೆ. ಟೇಪು ಹಾಕಿ. ಇದು ನಾಲ್ಕು ಮೂಲೆಯ ಪುಟ್ಟ ಗೋಪುರ. ನಾಲ್ಕು ಮೂಲೆಯಲ್ಲಿ ನಾಲ್ಕು ಆಮ್ಲಜನಕ, ನಡುವೆ ಒಂದು ಸಿಲಿಕಾನ್. ಇಂಥವು ಆರು ಮಾಡಿ.

ಆರನ್ನೂ ಚೂಪು ತುದಿ ಮೇಲೆ ಬರುವಂತೆ ಮೇಜಿನ ಮೇಲಿಡಿ. ಪ್ರತಿಯೊಂದರ ಬುಡದ ಎರಡು ಮೂಲೆಯನ್ನು ಅಕ್ಕಪಕ್ಕದವುಗಳ ಮೂಲೆಗೆ ಮುಟ್ಟಿಸುತ್ತಾ ವೃತ್ತ ಮುಗಿಸಿದರೆ ರಂಗೋಲಿಯ ಆರು ಮೂಲೆ ನಕ್ಷತ್ರ ಬರುತ್ತದೆ. ಈಗ ಆಮ್ಲಜನಕ ಎಣಿಸಿ. ಮುಟ್ಟಿಕೊಂಡಿರುವ ಮೂಲೆ ಇಬ್ಬರಿಗೂ ಒಂದೇ, ಆದ್ದರಿಂದ ಅವು 6. ಹೊರಗೆ ಚಾಚಿದ ಮೂಲೆ 6. ಮೇಲಿನ ತುದಿ 6. ಒಟ್ಟು 18. ಸೂತ್ರದಲ್ಲಿ 6 ಸಿಲಿಕಾನ್, 18 ಆಮ್ಲಜನಕ ಅಂತ ಬರುವುದು ಇದೇ ಉಂಗುರ. ಅಕ್ಕನ ಮಗಳು ಇದನ್ನು ಮೂರು ಸಲ ಎಣಿಸಿದಳು.

ಆರು ತುದಿಯೂ ಒಂದೇ ಕಡೆ ನೋಡುತ್ತಿವೆ ಅನ್ನುವುದನ್ನು ಗಮನಿಸಿ. ಹರಳಿನ ಒಳಗೆ ಕೋಟಿಗಟ್ಟಲೆ ಉಂಗುರಗಳಿವೆ, ಎಲ್ಲದರ ತುದಿಯೂ ಅದೇ ದಿಕ್ಕಿಗೆ. ಹರಳಿಗೆ ಒಂದು ತಲೆ, ಒಂದು ಬುಡ ಅಂತ ಬರುವುದು ಹೀಗೆ, ಏಲಕ್ಕಿಯ ಎರಡು ತುದಿ ಬೇರೆಯಾಗಿದ್ದ ಹಾಗೆ. ಪಚ್ಚೆಯ ಮೂಲವಾದ ಬೆರಿಲ್ ಖನಿಜದಲ್ಲೂ ಇಂಥದ್ದೇ ಆರರ ಉಂಗುರ ಇದೆ. ಆದರೆ ಅಲ್ಲಿ ಗೋಪುರಗಳು ಪಕ್ಕಕ್ಕೆ ಮಗುಚಿರುತ್ತವೆ, ಮೇಲೂ ಕೆಳಗೂ ಸಮನಾಗಿ ಮೂಲೆ ಚಾಚಿರುತ್ತವೆ. ಅದಕ್ಕೇ ಬೆರಿಲ್‌ಗೆ ತಲೆ ಬುಡ ಅನ್ನುವ ಭೇದ ಇಲ್ಲ, ಹರಳೂ ನೀಟಾಗಿ ಆರು ಬದಿಯದು.

ಉಂಗುರ ಆರರದ್ದಾದರೆ ಟೂರ್ಮಲಿನ್ ಯಾಕೆ ಮೂರು ಮೂಲೆ? ಉತ್ತರ ಉಂಗುರದ ಸುತ್ತ ಇರುವವರಲ್ಲಿದೆ. ಮೇಜಿನ ಮೇಲಿನ ನಕ್ಷತ್ರದ ನಡುವೆ, ತುದಿಗಳ ಕಡೆಗೆ, ಮೂರು ಕಾಫಿ ಬೀಜ ತ್ರಿಕೋನವಾಗಿ ಇಡಿ. ಇವು ವೈ ಕೋಣೆಗಳು. ಬೆನ್ನಿನ ಕಡೆ, ಅಂದರೆ ಉಂಗುರದ ಕೆಳಗೆ ನಟ್ಟನಡುವೆ, ಒಂದು ಕಾಳುಮೆಣಸು. ಇದು ಎಕ್ಸ್ ಕೋಣೆ. ಬೋರಾನ್ ಮೂರು, ಪ್ರತಿಯೊಂದೂ ಮೂರು ಆಮ್ಲಜನಕದ ನಡುವೆ ಚಪ್ಪಟೆ ತ್ರಿಕೋನವಾಗಿ ಕೂತಿರುತ್ತದೆ. ಕಾಗದದಲ್ಲಿ ಮೂರು ಚಿಕ್ಕ ತ್ರಿಕೋನ ಕತ್ತರಿಸಿ ಕಾಫಿ ಬೀಜಗಳ ಸುತ್ತ ಇಡಿ. ಈ ಗುಂಪನ್ನು ಪಕ್ಕದ ಗುಂಪಿಗೆ, ಮೇಲಿನದನ್ನು ಕೆಳಗಿನದಕ್ಕೆ ಬಿಗಿಯುವವರು ಝಡ್ ಕೋಣೆಯವರು, ಒಟ್ಟು ಆರು. ಇವುಗಳನ್ನು ಮೇಜಿನ ಮೇಲೆ ತೋರಿಸುವುದು ಕಷ್ಟ, ಯಾಕೆಂದರೆ ಅವು ತಿರುಪಿನ ಹಾಗೆ ಸುತ್ತಿಕೊಂಡು ಮೇಲೆ ಹೋಗುತ್ತವೆ. ಸುಮ್ನೆ ಗಾರೆ ಅಂದುಕೊಳ್ಳಿ. ಮೂರು, ಒಂದು, ಮೂರು, ಮತ್ತೆ ಆರು ಅಂದರೆ ಮೂರರ ಎರಡರಷ್ಟು. ಇಡೀ ಕಟ್ಟಡವನ್ನು ಮೂರನೇ ಒಂದು ಸುತ್ತು ತಿರುಗಿಸಿದರೆ ಮೊದಲಿನ ಹಾಗೇ ಕಾಣುತ್ತದೆ, ಆರನೇ ಒಂದು ಸುತ್ತಿಗೆ ಕಾಣುವುದಿಲ್ಲ. ಪುಸ್ತಕದಲ್ಲಿ ತ್ರಿಕೋನೀಯ ವ್ಯವಸ್ಥೆ, ಆರ್ 3 ಎಂ ಗುಂಪು ಅಂತ ಬರೆದಿರುವುದು ಇದನ್ನೇ.

ಎಕ್ಸ್-ಕಿರಣ ಹಾಯಿಸಿ ಈ ಕಟ್ಟಡವನ್ನು ಬಿಡಿಸಿ ತೋರಿಸಿದವರು ಹ್ಯಾಂಬರ್ಗರ್ ಮತ್ತು ಬ್ಯೂರ್ಗರ್ ಅನ್ನುವ ವಿಜ್ಞಾನಿಗಳು, 1948ರಲ್ಲಿ. ಅಳತೆ ಬೇಕಿದ್ದರೆ, ಕಟ್ಟಡದ ಒಂದು ಘಟಕ ಅಡ್ಡಕ್ಕೆ ಸುಮಾರು 1.6 ನ್ಯಾನೋಮೀಟರ್, ಎತ್ತರಕ್ಕೆ ಸುಮಾರು 0.72 ನ್ಯಾನೋಮೀಟರ್.

ಲೈನ್ ಮನೆಯ ಲೆಕ್ಕ

ತೋಟದ ಲೈನ್ ಮನೆ, ಅಂದರೆ ಕೆಲಸಗಾರರಿಗೆ ಸಾಲಾಗಿ ಕಟ್ಟಿದ ಕೋಣೆಗಳನ್ನು ನೋಡಿದವರಿಗೆ ಇದು ಸುಲಭ. ಗೋಡೆ, ಮಾಡು, ಕೋಣೆಗಳ ಸಂಖ್ಯೆ ಮೊದಲಿನಿಂದ ಅದೇ. ಒಂದು ವರ್ಷ ಅಸ್ಸಾಂನವರು, ಇನ್ನೊಂದು ವರ್ಷ ಜಾರ್ಖಂಡ್‌ನವರು ಇರುತ್ತಾರೆ, ಕೆಲವು ಸಲ ಕೋಣೆ ಖಾಲಿ. ಟೂರ್ಮಲಿನ್ ಸೂತ್ರವನ್ನು ಹೀಗೆ ಬರೆಯಿರಿ:

ಎಕ್ಸ್ 1, ವೈ 3, ಝಡ್ 6, ಸಿಲಿಕಾನ್ ಉಂಗುರ 1, ಬೋರಾನ್ ತ್ರಿಕೋನ 3, ವಿ 3, ಡಬ್ಲ್ಯೂ 1.

ಎಕ್ಸ್ ದೊಡ್ಡ ಕೋಣೆ. ಸೋಡಿಯಂ, ಕ್ಯಾಲ್ಸಿಯಂ, ಅಪರೂಪಕ್ಕೆ ಪೊಟ್ಯಾಸಿಯಂ ಇರುತ್ತದೆ, ಖಾಲಿಯೂ ಇರಬಹುದು. ವೈ ಕೋಣೆಗೆ ಯಾರು ಬೇಕಾದರೂ ಬರುತ್ತಾರೆ: ಕಬ್ಬಿಣ, ಮೆಗ್ನೀಸಿಯಂ, ಲಿಥಿಯಂ, ಅಲ್ಯೂಮಿನಿಯಂ, ಮ್ಯಾಂಗನೀಸ್, ಕ್ರೋಮಿಯಂ, ವನೇಡಿಯಂ, ತಾಮ್ರ. ಬಣ್ಣದ ಜಾತ್ರೆ ನಡೆಯುವುದು ಹೆಚ್ಚಾಗಿ ಇಲ್ಲೇ. ಝಡ್ ಕೋಣೆ ಬಹುತೇಕ ಅಲ್ಯೂಮಿನಿಯಂನದ್ದು. ವಿ ಮತ್ತು ಡಬ್ಲ್ಯೂ ಅಂದರೆ ಉಂಗುರಕ್ಕೂ ಬೋರಾನ್‌ಗೂ ಸೇರದೆ ಉಳಿದ ನಾಲ್ಕು ಜಾಗ. ಅಲ್ಲಿ ಸಾಮಾನ್ಯವಾಗಿ ಹೈಡ್ರಾಕ್ಸಿಲ್, ಅಂದರೆ ಒಂದು ಆಮ್ಲಜನಕ ಒಂದು ಜಲಜನಕದ ಜೋಡಿ ಇರುತ್ತದೆ, ಡಬ್ಲ್ಯೂನಲ್ಲಿ ಫ್ಲೋರಿನ್ ಅಥವಾ ಬರೀ ಆಮ್ಲಜನಕವೂ ಇರಬಹುದು.

ಬೋರಾನ್ ಬಗ್ಗೆ ಬೆಳೆಗಾರರಿಗೆ ಒಂದು ಅಡ್ಡಮಾತು. ನಾವು ಕಾಫಿಗೆ ಬೋರಾನ್ ಸಿಂಪಡಿಸುತ್ತೇವೆ, ಅಕ್ಕಸಾಲಿಗರ ಬಿಳಿಗಾರದಲ್ಲಿ ಇರುವುದೂ ಅದೇ ಬೋರಾನ್. ಹಾಗಾದರೆ ಟೂರ್ಮಲಿನ್ ಪುಡಿ ಮಾಡಿ ಬುಡಕ್ಕೆ ಹಾಕಿದರೆ ಆಗುತ್ತಾ ಅಂತ ನನ್ನ ಸ್ನೇಹಿತರೊಬ್ಬರು ಕೇಳಿದರು. ಆಗಲ್ಲ. ಬಿಳಿಗಾರ ನೀರಿನಲ್ಲಿ ಕರಗುತ್ತದೆ. ಟೂರ್ಮಲಿನ್‌ನಲ್ಲಿ ಬೋರಾನ್ ಗೋಡೆಯೊಳಗೇ ಸೇರಿಹೋಗಿದೆ, ಮಳೆ ಗಾಳಿಗೆ ಜಗ್ಗುವುದಿಲ್ಲ. ಬಂಡೆ ಸವೆದು ಮಣ್ಣಾದ ಮೇಲೂ ಟೂರ್ಮಲಿನ್ ಕಣ ಮರಳಿನಲ್ಲಿ ಹಾಗೇ ಉಳಿಯುತ್ತದೆ. ನಮ್ಮ ಕಾಲದಲ್ಲಿ ಗಿಡಕ್ಕೆ ಸಿಗುವುದಿಲ್ಲ.

ಈಗ ಕೋಣೆ ತುಂಬಿಸಿ. ಎಕ್ಸ್‌ಗೆ ಸೋಡಿಯಂ, ವೈಗೆ ಮೂರು ಕಬ್ಬಿಣ, ಝಡ್‌ಗೆ ಆರು ಅಲ್ಯೂಮಿನಿಯಂ, ಕೊನೆಯ ನಾಲ್ಕಕ್ಕೆ ಹೈಡ್ರಾಕ್ಸಿಲ್. ಇದು ಶೋರ್ಲ್, ಎಲ್ಲಕ್ಕಿಂತ ಜಾಸ್ತಿ ಸಿಗುವ ಕಪ್ಪು ಟೂರ್ಮಲಿನ್. ಬರೆದದ್ದು ಸರಿಯಾ ಅಂತ ನೋಡಲು ಚಾರ್ಜ್ ಕೂಡಿಸಬೇಕು, ಕೂಲಿ ಲೆಕ್ಕ ತಾಳೆ ಹಾಕಿದ ಹಾಗೆ. ಸೋಡಿಯಂ 1. ಕಬ್ಬಿಣ ಮೂರೆರಡ್ಲಿ 6. ಅಲ್ಯೂಮಿನಿಯಂ ಆರ್ಮೂರ್ಲಿ 18. ಸಿಲಿಕಾನ್ ಆರ್ನಾಕ್ಲಿ 24. ಬೋರಾನ್ ಮೂರ್ಮೂರ್ಲಿ 9. ಜಲಜನಕ 4. ಒಟ್ಟು 62 ಪ್ಲಸ್. ಆಮ್ಲಜನಕ ಉಂಗುರದಲ್ಲಿ 18, ಬೋರಾನ್ ಜೊತೆ 9, ಹೈಡ್ರಾಕ್ಸಿಲ್‌ನಲ್ಲಿ 4, ಒಟ್ಟು 31, ತಲಾ 2 ಮೈನಸ್, ಅಲ್ಲಿಗೆ 62. ತಾಳೆ ಆಯ್ತು.

ಇಲ್ಲಿಂದ ಮುಂದೆ ಆಟ ನಿಮ್ಮದು. ಮೂರು ಕಬ್ಬಿಣ ತೆಗೆದು ಮೂರು ಮೆಗ್ನೀಸಿಯಂ ಹಾಕಿ. ಅದರ ಚಾರ್ಜೂ 2, ಲೆಕ್ಕ ಕೆಡುವುದಿಲ್ಲ, ಕಲ್ಲು ಕಂದು ಬಣ್ಣದ ಡ್ರವೈಟ್ ಆಗುತ್ತದೆ. ಲಿಥಿಯಂ ತರಬೇಕೆಂದರೆ ಸ್ವಲ್ಪ ಯೋಚಿಸಬೇಕು, ಅದರ ಚಾರ್ಜ್ ಬರೀ 1. ಮೂರೂ ಕೋಣೆಗೆ ಲಿಥಿಯಂ ಹಾಕಿದರೆ 6 ಬರಬೇಕಾದಲ್ಲಿ 3 ಬರುತ್ತದೆ. ಹಾಗಾಗಿ ಅರ್ಧ ಕೋಣೆ ಲಿಥಿಯಂಗೆ, ಅರ್ಧ ಅಲ್ಯೂಮಿನಿಯಂಗೆ: ಒಂದೂವರೆ ಲಿಥಿಯಂನಿಂದ 1.5, ಒಂದೂವರೆ ಅಲ್ಯೂಮಿನಿಯಂನಿಂದ 4.5, ಕೂಡಿಸಿದರೆ 6. ಇದು ಎಲ್ಬೈಟ್, ಆಭರಣಕ್ಕೆ ಹೋಗುವ ಬಣ್ಣಬಣ್ಣದ ಟೂರ್ಮಲಿನ್ ಹೆಚ್ಚಿನವು ಇದೇ. "ಒಂದೂವರೆ ಅಣು ಹೇಗಿರುತ್ತೆ ಮಾವ?" ಅಂತ ಕೇಳಿದಳು. ಅಣು ಅರ್ಧ ಆಗಲ್ಲ. ನೂರಾರು ಲೈನ್ ಮನೆ ಲೆಕ್ಕ ಹಾಕಿದಾಗ ಬರುವ ಸರಾಸರಿ ಅದು, ಒಂದು ಮನೆಯಲ್ಲಿ ಎರಡು ಲಿಥಿಯಂ, ಇನ್ನೊಂದರಲ್ಲಿ ಒಂದು.

ಎಕ್ಸ್ ಕೋಣೆ ಖಾಲಿ ಬಿಟ್ಟರೆ? 1 ಕಡಿಮೆಯಾಯ್ತು. ಅದನ್ನು ತುಂಬಲು ವೈನಲ್ಲಿ ಒಂದು ಕಬ್ಬಿಣದ ಬದಲು ಅಲ್ಯೂಮಿನಿಯಂ ಕೂರಿಸಬೇಕು. ಆ ಕಲ್ಲಿಗೆ ಫೊಯ್ಟೈಟ್ ಅಂತ ಹೆಸರು. ಎಕ್ಸ್‌ಗೆ ಕ್ಯಾಲ್ಸಿಯಂ ತಂದರೆ ಉಲ್ಟಾ, 1 ಜಾಸ್ತಿ. ಆಗ ಝಡ್‌ನಲ್ಲಿ ಒಂದು ಅಲ್ಯೂಮಿನಿಯಂ ತೆಗೆದು ಮೆಗ್ನೀಸಿಯಂ ಹಾಕಿ, ವೈ ಮೂರೂ ಮೆಗ್ನೀಸಿಯಂ ಇದ್ದರೆ ಅದು ಉವೈಟ್, ಶ್ರೀಲಂಕಾದ ಉವಾ ಪ್ರಾಂತ್ಯದ ಹೆಸರು. ಟೂರ್ಮಲಿನ್ ಅನ್ನುವ ಪದವೇ ಸಿಂಹಳದಿಂದ ಬಂದದ್ದು. ಡ್ರವೈಟ್ ಯುರೋಪಿನ ಡ್ರಾವಾ ನದಿಯದು, ಎಲ್ಬೈಟ್ ಇಟಲಿಯ ಎಲ್ಬಾ ದ್ವೀಪದ್ದು.

ಈಗ ಇಂಥ ಜಾತಿಗಳು 30ಕ್ಕೂ ಹೆಚ್ಚಿವೆ. 2011ರಲ್ಲಿ ಅಂತರರಾಷ್ಟ್ರೀಯ ಖನಿಜ ಸಂಘದ ಕಡೆಯಿಂದ ಹೆಸರಿಡುವ ಕ್ರಮ ಸರಿಯಾಗಿ ಬಂತು. ಮೊದಲು ಎಕ್ಸ್‌ನಲ್ಲಿ ಯಾರು ಜಾಸ್ತಿ ನೋಡಿ ಗುಂಪು, ಆಮೇಲೆ ವೈ ಮತ್ತು ಝಡ್, ಕೊನೆಗೆ ಡಬ್ಲ್ಯೂ. ಡಬ್ಲ್ಯೂನಲ್ಲಿ ಫ್ಲೋರಿನ್ ಮೇಲುಗೈ ಆಗಿದ್ದರೆ ಹೆಸರಿನ ಮುಂದೆ ಫ್ಲೋರ್ ಸೇರುತ್ತದೆ. ಆಭರಣದ ಅಂಗಡಿಯ ರುಬೆಲೈಟ್, ಇಂಡಿಕೊಲೈಟ್ ಇವೆಲ್ಲ ಬಣ್ಣದ ಹೆಸರುಗಳು, ಜಾತಿಯ ಹೆಸರಲ್ಲ. ಗುಲಾಬಿ ಮತ್ತು ಕೆಂಪು ಬರುವುದು ಮ್ಯಾಂಗನೀಸ್‌ನಿಂದ. 1980ರ ದಶಕದ ಕೊನೆಗೆ ಬ್ರೆಜಿಲ್‌ನ ಪರೈಬಾದಲ್ಲಿ ಸಿಕ್ಕ ಉರಿಯುವ ನೀಲಿ ಕಲ್ಲಿನ ಗುಟ್ಟು ತಾಮ್ರ. ಹರಳು ಬೆಳೆಯುತ್ತಿದ್ದಾಗ ಸುತ್ತಲಿನ ರಸ ಬದಲಾದರೆ ಕೋಣೆಗೆ ಬರುವವರೂ ಬದಲಾಗುತ್ತಾರೆ. ಒಳಗೆ ಗುಲಾಬಿ, ಹೊರಗೆ ಹಸಿರು ಇರುವ ಕಲ್ಲಂಗಡಿ ಟೂರ್ಮಲಿನ್ ಹಾಗೆ ಆಗುವುದು.

ಲ್ಯಾಬ್ ವರದಿ ಬಂದರೆ

ಯಾರಾದರೂ ಕಲ್ಲನ್ನು ಪರೀಕ್ಷೆಗೆ ಕೊಟ್ಟು ವರದಿ ತಂದರೆ ಮೊದಲು ಒಟ್ಟು ನೋಡಿ. ನೂರರ ಬದಲು 86, 87 ಅಂತ ಇದ್ದರೆ ಗಾಬರಿ ಬೇಡ. ಶೋರ್ಲ್‌ನ ಸೂತ್ರದಿಂದ ಲೆಕ್ಕ ಹಾಕಿದರೆ ಸಿಲಿಕಾ ನೂರಕ್ಕೆ 34.2, ಅಲ್ಯೂಮಿನಾ 29, ಕಬ್ಬಿಣದ ಆಕ್ಸೈಡ್ 20.5, ಬೋರಾನ್ ಆಕ್ಸೈಡ್ 9.9, ನೀರು 3.4, ಸೋಡಿಯಂ ಆಕ್ಸೈಡ್ 2.9 ಬರುತ್ತದೆ. ಸಾಮಾನ್ಯ ಎಕ್ಸ್-ಕಿರಣ ಯಂತ್ರಗಳು ತೀರಾ ಹಗುರ ಧಾತುಗಳನ್ನು ಹಿಡಿಯುವುದಿಲ್ಲ. ಬೋರಾನ್, ಜಲಜನಕ ಎರಡೂ ಬಿಟ್ಟುಹೋದರೆ ಉಳಿಯುವುದು 86.7. ಲಿಥಿಯಂ ಕೂಡ ಅವುಗಳ ಕಣ್ಣಿಗೆ ಬೀಳುವುದಿಲ್ಲ, ಹಾಗಾಗಿ ಎಲ್ಬೈಟ್‌ನಲ್ಲಿ ಕೊರತೆ ಇನ್ನೂ ಜಾಸ್ತಿ ಕಾಣುತ್ತದೆ. ಕಟ್ಟಡ ಗೊತ್ತಿರುವುದರಿಂದ ಬೋರಾನ್ 3 ಎಂದು ಹಿಡಿದು, ಒಟ್ಟು 31 ಆಮ್ಲಜನಕಕ್ಕೆ ಲೆಕ್ಕ ಕೂರಿಸಿ ಉಳಿದದ್ದನ್ನು ಅಂದಾಜು ಮಾಡುತ್ತಾರೆ. ಒಟ್ಟು 99 ಬಂದು ಬೋರಾನ್ ಸಾಲೇ ಇಲ್ಲದಿದ್ದರೆ ಆ ಕಲ್ಲು ಟೂರ್ಮಲಿನ್ ಅಲ್ಲ ಅಂತಲೇ ನನ್ನ ಅನುಮಾನ.

ಬೂದಿ ಎಳೆಯುವ ಆಟ

1703ರ ಸುಮಾರಿಗೆ ಡಚ್ಚರು ಸಿಲೋನ್‌ನಿಂದ ಈ ಕಲ್ಲುಗಳನ್ನು ಒಯ್ದಾಗ, ಬಿಸಿ ಬೂದಿಯಲ್ಲಿ ಇಟ್ಟರೆ ಕಲ್ಲು ಬೂದಿ ಎಳೆದುಕೊಳ್ಳುವುದನ್ನು ಕಂಡು ಅದಕ್ಕೆ ಬೂದಿ ಎಳೆಯುವ ಕಲ್ಲು ಅಂತಲೇ ಹೆಸರಿಟ್ಟರು. 1756ರಲ್ಲಿ ಏಪಿನಸ್ ಅನ್ನುವ ವಿಜ್ಞಾನಿ ಇದನ್ನು ಪರೀಕ್ಷೆ ಮಾಡಿ, ವಿದ್ಯುತ್ತು ಎರಡು ತುದಿಯಲ್ಲಿ ವಿರುದ್ಧವಾಗಿ ಏಳುತ್ತದೆ ಎಂದು ತೋರಿಸಿದರು. 1880ರಲ್ಲಿ ಕ್ಯೂರಿ ಸಹೋದರರು ಒತ್ತಿದರೂ ಹೀಗೇ ಆಗುತ್ತದೆ ಅಂತ ಕಂಡುಕೊಂಡರು. ಕಾರಣ ನಿಮ್ಮ ಮೇಜಿನ ಮೇಲಿದೆ. ಎಲ್ಲಾ ಗೋಪುರಗಳ ತುದಿ ಒಂದೇ ಕಡೆ ನೋಡುವುದರಿಂದ, ಬಿಸಿಗೆ ಅಣುಗಳು ಚೂರು ಸರಿದಾಗ ಆ ಚೂರುಗಳೆಲ್ಲ ಒಂದೇ ದಿಕ್ಕಿಗೆ ಕೂಡುತ್ತವೆ. ಬೆರಿಲ್‌ನಲ್ಲಿ ಮೇಲಿನದೂ ಕೆಳಗಿನದೂ ವಜಾ ಆಗಿಬಿಡುತ್ತದೆ.

ನಾನು ಮೊದಲ ಸಲ ಇದನ್ನು ಮಾಡಿದ್ದು ಜುಲೈನಲ್ಲಿ. ಹೊರಗೆ ಮೂರು ದಿನದಿಂದ ಮಳೆ ಬಿಟ್ಟಿರಲಿಲ್ಲ, ಬೂದಿಯೇ ಉಂಡೆ ಕಟ್ಟುತ್ತಿತ್ತು. ಏನೂ ಆಗಲಿಲ್ಲ. ಗಾಳಿಯ ತೇವಕ್ಕೆ ಕಲ್ಲಿನ ಮೇಲೆ ನೀರಿನ ಪೊರೆ ಕಟ್ಟಿ ವಿದ್ಯುತ್ತೆಲ್ಲ ಸೋರಿಹೋಗುತ್ತದೆ. ಫೆಬ್ರವರಿಯಲ್ಲಿ, ಕಣದಲ್ಲಿ ಕಾಫಿ ಒಣಗುತ್ತಿದ್ದ ಮಧ್ಯಾಹ್ನ ಮತ್ತೆ ಮಾಡಿದೆ, ಆಗ ಬಂತು. ಅದೂ ಕಪ್ಪು ಕಲ್ಲಿನಲ್ಲಿ ಬಂದೂ ಬಾರದಂತೆ. ಮೈಸೂರಿನಲ್ಲಿ ಕೊಂಡಿದ್ದ ಕಡ್ಡಿಯಷ್ಟು ಗುಲಾಬಿ ಹರಳಿನಲ್ಲಿ ಚೆನ್ನಾಗಿ ಬಂತು.

ಮಾಡುವುದು ಹೀಗೆ. ಹರಳನ್ನು ಸೋಪು ನೀರಲ್ಲಿ ತೊಳೆದು ಒಂದು ದಿನ ಒಣಗಿಸಿ, ಆಮೇಲೆ ಬೆರಳು ತಾಗಿಸಬೇಡಿ. ಬಟ್ಟೆಯಿಂದ ಉಜ್ಜಲೂ ಬೇಡಿ. ಉಜ್ಜಿದರೆ ಬಾಚಣಿಗೆ ಕೂಡ ಕಾಗದ ಎಳೆಯುತ್ತದೆ, ಆಗ ಯಾವುದರ ಗುಣ ಯಾವುದು ಅಂತ ಗೊತ್ತಾಗಲ್ಲ. ಒಲೆಯ ಬೂದಿಯನ್ನು ತೆಳು ಬಟ್ಟೆಯಲ್ಲಿ ಜರಡಿ ಹಿಡಿದು ತಟ್ಟೆಯಲ್ಲಿ ಹರಡಿ. ಕಾವಲಿಯ ಮೇಲೆ ಒಣ ಮರಳು ಹಾಕಿ ಸಣ್ಣ ಉರಿಯಲ್ಲಿ ಕಾಯಿಸಿ. ಕೈ ತಡೆಯದಷ್ಟು ಬಿಸಿ ಇರಲಿ, ಆದರೆ ನೀರಿನ ಹನಿ ಹಾಕಿದರೆ ಚುಂಯ್ ಅನ್ನಬಾರದು. ನೇರ ಉರಿಗೆ ಹಿಡಿದರೆ ಹರಳು ಬಿರುಕು ಬಿಡುತ್ತದೆ. ಮರಳಿನಲ್ಲಿ ಹತ್ತು ನಿಮಿಷ ಹೂತಿಟ್ಟು, ಒಣ ಮರದ ಕ್ಲಿಪ್ಪಿನಲ್ಲಿ ನಡು ಹಿಡಿದು ಎತ್ತಿ, ಬೂದಿಯ ಹತ್ತಿರ ತನ್ನಿ. ತಣ್ಣಗಾಗುತ್ತಾ ಹೋದಂತೆ ಎರಡು ತುದಿಗೂ ಬೂದಿ ಮೀಸೆಯ ಹಾಗೆ ನಿಲ್ಲುತ್ತದೆ. ನಡು ಮಾತ್ರ ಬೋಳು. ನಡುವೆಯೂ ಸಮನಾಗಿ ಹತ್ತಿದ್ದರೆ ಎಲ್ಲೋ ಉಜ್ಜಿದ್ದೀರಿ ಅಂತ ಅರ್ಥ. ಬಿಸಿ ಬದಲಾಗುತ್ತಿರುವಾಗ ಮಾತ್ರ ಇದು ನಡೆಯುತ್ತದೆ, ಕೋಣೆಯ ಬಿಸಿಗೆ ಬಂದು ಸ್ವಲ್ಪ ಹೊತ್ತಾದರೆ ಬೂದಿ ತಾನೇ ಉದುರುತ್ತದೆ.

ಇನ್ನೊಂದು ಹೆಜ್ಜೆ ಇದೆ. ಬಿಸಿ ಏರುವಾಗ ಪ್ಲಸ್ ಆಗಿದ್ದ ತುದಿ ತಣಿಯುವಾಗ ಮೈನಸ್ ಆಗುತ್ತದೆ. ಬೂದಿ ಎರಡಕ್ಕೂ ಅಂಟುವುದರಿಂದ ಅದರಲ್ಲಿ ಈ ವ್ಯತ್ಯಾಸ ಕಾಣದು. ಅಕ್ಕನ ಮಗಳು ಒಂದು ತುದಿಗೆ ಉಗುರುಬಣ್ಣದ ಚುಕ್ಕೆ ಇಟ್ಟು, ಹರಳನ್ನು ರೇಷ್ಮೆ ದಾರದಲ್ಲಿ ನೇತುಹಾಕಿ, ತಲೆ ಬಾಚಿದ ಪ್ಲಾಸ್ಟಿಕ್ ಬಾಚಣಿಗೆಯನ್ನು ಹತ್ತಿರ ಹಿಡಿದು ಯಾವ ತುದಿ ದೂರ ಸರಿಯುತ್ತದೆ ಅಂತ ನೋಡಲು ಹೊರಟಳು. ಎರಡು ಸಲ ಚುಕ್ಕೆಯ ತುದಿ ಸರಿಯಿತು, ಮೂರನೇ ಸಲ ಕಿಟಕಿಯಿಂದ ಬಂದ ಗಾಳಿಗೆ ಎಲ್ಲಾ ಗಿರಗಿರ ಸುತ್ತಿತು. ಮುಂದಿನ ಫೆಬ್ರವರಿಗೆ ಅಂತ ಹರಳನ್ನು ಡಬ್ಬಿಯಲ್ಲಿ ಹಾಕಿಟ್ಟಿದ್ದಾಳೆ, ಮುಚ್ಚಳದ ಮೇಲೆ "ಮುಟ್ಟಬೇಡಿ ಮಾವ" ಅಂತ ಬರೆದು.